ಡ್ರೈವರ್ ಕಡೆಯ ಚಕ್ರ

ನಂಜನಗೂಡಿನಿಂದ ತಿ. ನರಸೀಪುರದ ತನಕ ಯಾರ ಗಾಡಿಯ ಬ್ರೇಕು ರಗಳೆ ಮಾಡಿದರೂ ಜನ ಹೇಳುತ್ತಿದ್ದುದು ಒಂದೇ ಮಾತು: "ನಾಗೇಂದ್ರನ ಕಾಲ್ಗೆ ತೋರ್ಸು." ಕೈಗಲ್ಲ, ಕಾಲಿಗೆ. ಊಟಿ ರಸ್ತೆಯ ಪಕ್ಕದ ತನ್ನ ಗ್ಯಾರೇಜಿನಲ್ಲಿ ಅವನು ಚಪ್ಪಲಿ ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟು, ಬೀದಿಯ ತುದಿ ಮುಟ್ಟಿ ವಾಪಸು ಬಂದನೆಂದರೆ ಮುಗಿಯಿತು. ಯಾವ ಚಕ್ರ, ಏನು ಸವೆದಿದೆ, ಯಾರು ಕೆಡಿಸಿದ್ದು ಎಲ್ಲವನ್ನೂ ಹೇಳುತ್ತಿದ್ದ. ಯಾರು ಕೆಡಿಸಿದ್ದು ಎನ್ನುವುದನ್ನು ಪಕ್ಕದ ಅಂಗಡಿಯವರಿಗೂ ಕೇಳಿಸುವಂತೆ ಹೇಳುತ್ತಿದ್ದ. ವಿನಯ ಗಿನಯ ಅವನ ಹತ್ತಿರ ಸುಳಿದದ್ದಿಲ್ಲ. ಕೆಲಸ ಗೊತ್ತಿದ್ದವನ ಹತ್ತಿರ ಅದಕ್ಕೇನು ಕೆಲಸ ಹೇಳಿ?

ಅಂಥ ನಾಗೇಂದ್ರನಿಗೆ 2003ನೇ ಇಸವಿಯ ಕೊನೆಯಲ್ಲಿ ಒಂದು ಪುಟ್ಟ ಕೆಂಪು ಕಾರು ನೀರು ಕುಡಿಸಿಬಿಟ್ಟಿತು.

ಎರಡೇ ಸೀಟು, ಮಡಚಿ ಹಿಂದಕ್ಕೆ ತಳ್ಳುವ ಬಟ್ಟೆಯ ಚಾವಣಿ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ಒಳಗೆ ಕೂರುವುದೆಂದರೆ ಚಾಪೆಯ ಮೇಲೆ ಕೂತಂತೆ, ಏಳುವುದು ಇನ್ನೂ ಕಷ್ಟ. ಮಾನಸ ಅದನ್ನು ಕೊಯಮತ್ತೂರಿನಿಂದ ಸ್ವಂತ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದಳು. ಆಕೆ ತಿ. ನರಸೀಪುರದಲ್ಲಿ ಪಶುವೈದ್ಯೆ. ವಾರವೆಲ್ಲ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಎಮ್ಮೆಗಳ ಹೆರಿಗೆ ಮಾಡಿಸುವುದು, ಭಾನುವಾರ ಬಂತೆಂದರೆ ಈ ಕೆಂಪು ಕಾರು. ಮೈಸೂರಿನ ಕೆಲವು ಕಾರಿನ ಹುಚ್ಚರು ಸೇರಿ ಬೆಟ್ಟದ ರಸ್ತೆಯಲ್ಲಿ ಪಂದ್ಯ ನಡೆಸುತ್ತಿದ್ದರು. ಯಾರು ಕಡಿಮೆ ಹೊತ್ತಿನಲ್ಲಿ ಹತ್ತಿ ಇಳಿಯುತ್ತಾರೋ ಅವರು ಗೆದ್ದಂತೆ. ಅದರಲ್ಲಿ ಹೆಂಗಸು ಎಂದರೆ ಇವಳೊಬ್ಬಳೇ.

ನಾಗೇಂದ್ರ ಒಮ್ಮೆ ಅವಳ ಪಕ್ಕ ಕೂತು ಹೆಮ್ಮರಗಾಲದ ಕಡೆಯ ರಸ್ತೆಯಲ್ಲಿ ಹೋಗಿಬಂದಿದ್ದ. ಅವತ್ತಿನಿಂದ ಅವನಿಗೆ ಆಕೆಯ ಮೇಲೆ ಬೆಟ್ಟದಷ್ಟು ಅಭಿಮಾನ. ಹೆದರಿದವರು ತಿರುವಿನೊಳಗೆ ನುಗ್ಗಿದ ಮೇಲೆ ಬ್ರೇಕು ತುಳಿಯುತ್ತಾರೆ. ಇವಳು ತಿರುವಿಗೆ ಮೊದಲೇ ಒತ್ತಿ, ಒಳಗೆ ಹೋಗುವಾಗ ನಿಧಾನಕ್ಕೆ ಬಿಡುತ್ತಿದ್ದಳು. ಕಾರು ಹಸುವಿನ ಹಿಂದೆ ಹೋಗುವ ಕರುವಿನ ಹಾಗೆ ಹೋಗುತ್ತಿತ್ತು. ಇಳಿದಾಗ ಅವನು ಹೇಳಿದ್ದ: "ನೀನು ಬ್ರೇಕ್ನ ತುಳಿಯಲ್ಲ ಕಣವ್ವ. ಕೇಳ್ಕೊತೀಯೆ." ಬೇರೆ ಯಾರಿಗೂ ಅವನು ಇಂಥ ಮಾತು ಹೇಳಿದ್ದು ಯಾರೂ ಕೇಳಿರಲಿಲ್ಲ.

ಅದೇ ಮಾನಸ ಒಂದು ದಿನ ಬಂದು ಹೇಳಿದಳು: "ನಾಗೇಂದ್ರಣ್ಣ, ಪೆಡಲು ಕಾಲ್ನ ಒದೀತದೆ."

ನಿಜ. ಜೋರಾಗಿ ಹೋಗುವಾಗ ಬ್ರೇಕು ಒತ್ತಿದರೆ ಪೆಡಲು ಪಾದದಡಿ ಟಕಟಕ ಮೇಲೆ ಕೆಳಗೆ ಆಡುತ್ತಿತ್ತು, ಸ್ಟೇರಿಂಗೂ ನಡುಗುತ್ತಿತ್ತು. ನಾಗೇಂದ್ರ ಮುಂದಿನ ಎರಡೂ ಚಕ್ರದ ಡಿಸ್ಕ್, ಅಂದರೆ ಬ್ರೇಕು ಹಿಡಿಯುವ ಕಬ್ಬಿಣದ ತಟ್ಟೆ, ಬಿಚ್ಚಿ, ಪಕ್ಕದ ಪುಟ್ಟಸ್ವಾಮಿಯ ಲೇತಿನಲ್ಲಿ ಸಮ ಮಾಡಿಸಿ ಕೂರಿಸಿದ. ಬೆಣ್ಣೆಯಂತಾಯಿತು. ಒಂದು ತಿಂಗಳು ಕಳೆಯಿತು, ಮತ್ತೆ ಒದೆಯಿತು. ಹೊಸ ಡಿಸ್ಕೇ ತರಿಸಿ ಹಾಕಿದ. ಬೆಣ್ಣೆ. ತಿಂಗಳು ಕಳೆಯಿತು, ಒದೆಯಿತು. ಡಿಸ್ಕ್ ಮತ್ತೆ ಲೇತಿಗೆ ಹೋಯಿತು, ಅದನ್ನು ಒತ್ತಿ ಹಿಡಿಯುವ ಪ್ಯಾಡು ಬದಲಾಯಿತು, ಬೇರಿಂಗು ಬದಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಕಂಡದ್ದನ್ನೆಲ್ಲ ಬದಲಾಯಿಸಿದ. ಕಾರು ಮಾತ್ರ ತಿಂಗಳಿಗೊಮ್ಮೆ ಬಂದು ಅವನ ಬರಿಗಾಲಿಗೆ ಒದ್ದು ಹೋಗುತ್ತಿತ್ತು.

ಇದು ಮಾನಸಳ ಅಪ್ಪ ಮಹಾದೇವಸ್ವಾಮಿಯವರ ಕಿವಿಗೆ ಬಿತ್ತು. ಮುಡುಕುತೊರೆ ಹತ್ತಿರದ ಹಳ್ಳಿಯಲ್ಲಿ ಗದ್ದೆ, ಕಬ್ಬು, ಹಾಲಿನ ಹಸುಗಳು ಇರುವ ದೊಡ್ಡ ಕುಳ. ಮಾತು ಕಡಿಮೆ, ಆಡಿದ್ದು ಆಡಿದ್ದೇ. ಕಾರು ಮಗಳ ದುಡಿಮೆಯದಾದರೂ ರಿಜಿಸ್ಟರು ಆದದ್ದು ಅಪ್ಪನ ಹೆಸರಿಗೆ. ಸೋಮವಾರ ಗ್ಯಾರೇಜಿಗೆ ಬಂದವರು ಕೂರಲೂ ಇಲ್ಲ.

"ಭಾನುವಾರ ಅದೇನೋ ಪಂದ್ಯ ಅಂತೆ. ಶನಿವಾರದೊಳಗೆ ಬ್ರೇಕು ಸರಿ ಆದ್ರೆ ಓಗ್ಲಿ. ಇಲ್ಲಾಂದ್ರೆ ಅವತ್ತೇ ಸಾಯಂಕಾಲ ಕಾರ್ನ ಕೊಟ್ಬುಡ್ತೀನಿ. ಗಿರಾಕಿ ನೋಡಿವ್ನಿ. ಆಮೇಲೆ ಅವಳು ಇನ್ನೊಂದು ಕಾರಿನ ಸುದ್ದಿ ಎತ್ಕೂಡ್ದು."

ಅವರು ಆ ಕಾರಿನಲ್ಲಿ ಒಂದು ಸಲವೂ ಕೂತವರಲ್ಲ. ಮಗಳು ಅದರಲ್ಲಿ ಹೊರಟ ಭಾನುವಾರಗಳಲ್ಲಿ ಅವರು ಊಟ ಮಾಡುವುದೂ ಇಲ್ಲ ಎಂದು ಮನೆಯ ಆಳು ಮಲ್ಲಯ್ಯ ಒಮ್ಮೆ ನಾಗೇಂದ್ರನ ಹತ್ತಿರ ಹೇಳಿದ್ದ.

ಆ ಭಯ ಎಷ್ಟು ದೊಡ್ಡದೆಂದು ನಾಗೇಂದ್ರನಿಗೆ ಮಲ್ಲಯ್ಯ ಹೇಳಬೇಕಾಗಿಯೇ ಇರಲಿಲ್ಲ. ಕಾರು ಬಂದ ಹೊಸತರಲ್ಲಿ ಮಹಾದೇವಸ್ವಾಮಿಯವರು ಒಬ್ಬರೇ ಗ್ಯಾರೇಜಿಗೆ ಬಂದಿದ್ದರು. ಜೇಬಿನಿಂದ ಬಾಳೆಎಲೆಯ ಚೂರಿನಲ್ಲಿ ಸುತ್ತಿದ ಒಂದು ತಾಮ್ರದ ತಗಡು ತೆಗೆದರು. ಬೆರಳಿನಷ್ಟು ಉದ್ದ, ಎಲೆಯಷ್ಟು ತೆಳು, ಮೇಲೆ ಗೆರೆಗಳು, ನಡುವೆ ಒಂದು ಅಕ್ಷರ. ಮನೆದೇವರ ಮುಂದೆ ಇಟ್ಟು ಪೂಜೆ ಮಾಡಿಸಿದ್ದು. "ಮಗಳು ಕೂರೋ ಕಡೆ ಚಕ್ರದೊಳಕ್ಕೆ ಇದ ಮಡಗು. ಯಾರ ಕಣ್ಗೂ ಬೀಳ್ಬಾರ್ದು. ಅವಳ್ಗೂ ಗೊತ್ತಾಗ್ಬಾರ್ದು, ನಕ್ಕಾಳು." ಹಾಗೆಂದು ನಾಗೇಂದ್ರನ ಅಂಗೈ ಮೇಲೆ ಒಂದು ಗೇಣು ಎತ್ತರದಿಂದ ತಗಡನ್ನು ಬಿಟ್ಟರು. ಬೇಕೆಂದು ಮಾಡಿದ್ದಲ್ಲ, ಅವರಪ್ಪ, ಅವರಜ್ಜ ನಾಗೇಂದ್ರನ ಕೇರಿಯವರಿಗೆ ಏನು ಕೊಟ್ಟರೂ ಹಾಗೆಯೇ ಮೇಲಿನಿಂದ ಬಿಟ್ಟವರು. ಕೈಗೆ ರೂಢಿಯಾಗಿಹೋಗಿತ್ತು.

ನಾಗೇಂದ್ರ ಅದನ್ನು ಗಮನಿಸಲಿಲ್ಲ ಎಂದರೆ ಸುಳ್ಳು. ಆದರೆ ಅವತ್ತು ಅವನ ಮನಸ್ಸೆಲ್ಲ ಬಿದ್ದ ವಸ್ತುವಿನ ಮೇಲಿತ್ತು. ಅವನ ಅಜ್ಜಿ ಪುಟ್ಟಮಾದಮ್ಮ ಊರ ಗುಡಿಯ ಗೋಡೆಯ ಆಚೆ ನಿಂತು ಕೈಮುಗಿದು, ಅಷ್ಟಕ್ಕೇ ತೃಪ್ತಿಯಿಂದ ಬಂದವಳು. ಅವನು ಈಗ ಬುದ್ಧನ ಪಟಕ್ಕೆ ಊದುಬತ್ತಿ ಹಚ್ಚುವವನು, ಯಾರ ಗುಡಿಯ ಹಂಗೂ ಇಲ್ಲ. ಆದರೂ ಆ ಮನೆಯವರು ತಮ್ಮ ದೇವರನ್ನು, ಅದೂ ಮಗಳ ಜೀವದ ಸಲುವಾಗಿ, ತನ್ನ ಕೈಗೆ ಒಪ್ಪಿಸಿದರಲ್ಲ ಎಂದು ಅವನ ಎದೆ ತುಂಬಿಹೋಯಿತು. ಡಿಸ್ಕ್ ಬಿಚ್ಚಿದ. ಅದರ ಹಿಂದೆ ಚಕ್ರವನ್ನು ಹೊರುವ ಹಬ್ಬಿನ ಮುಖ, ಅದರಲ್ಲಿ ಎರಡು ಬೋಲ್ಟಿನ ನಡುವೆ ತಗಡನ್ನು ಚೂರು ಗ್ರೀಸಿನಿಂದ ಅಂಟಿಸಿ, ಮೇಲೆ ಡಿಸ್ಕ್ ಕೂರಿಸಿದ. ಮುಂದೆ ಎಷ್ಟು ಸಲ ಬಿಚ್ಚಿದರೂ ತಗಡನ್ನು ಬಟ್ಟೆಯಿಂದ ಒರೆಸಿ ಅಲ್ಲಿಯೇ, ಹಾಗೆಯೇ ಇಟ್ಟ. ಕೊಟ್ಟ ಮಾತು ಮಾತೇ.

ಶನಿವಾರ ಬಂತು. ಮಾನಸ ಬೆಳಗ್ಗೆಯೇ ಕಾರು ಬಿಟ್ಟುಹೋಗಿದ್ದಳು. ಹೋಗುವಾಗ ಬಾನೆಟ್ಟನ್ನು ಒಮ್ಮೆ ಸವರಿ, "ನಿಮ್ಮನ್ನೇ ನಂಬಿವ್ನಿ ಕಣಣ್ಣ" ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ನಾಗೇಂದ್ರ ಹುಟ್ಟಿದ ಮೇಲೆ ಮಾಡದಿದ್ದ ಒಂದು ಕೆಲಸ ಮಾಡಿದ. ಇನ್ನೊಬ್ಬರನ್ನು ಕರೆದ.

ಇನ್ನೊಬ್ಬರೆಂದರೆ ಅವನ ಅಣ್ಣನ ಮಗಳು ಕೋಮಲ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ. ಅವಳು ಬೇಡವೆಂದರೆ ಸೂಪರ್‌ವೈಸರ್ ಕೂಡ ಆ ಮಾಲನ್ನು ಹೊರಗೆ ಕಳಿಸುವಂತಿಲ್ಲ. ಚಿಕ್ಕಪ್ಪ ಅವಳನ್ನು 'ಅಳತೆಗಾರ್ತಿ' ಎಂದು ರೇಗಿಸುತ್ತಿದ್ದ. ಅವಳು ಚಿಕ್ಕಪ್ಪನನ್ನು 'ಕಾಲ್‌ಜ್ಞಾನಿ' ಎನ್ನುತ್ತಿದ್ದಳು. ಶಿಫ್ಟು ಮುಗಿಸಿ ಸ್ಕೂಟಿಯಲ್ಲಿ ಬಂದವಳು ಸೀಟಿನಡಿಯಿಂದ ಮರದ ಪೆಟ್ಟಿಗೆಯೊಂದನ್ನು ತೆಗೆದು, ಬೆಂಚಿನ ಮೇಲೆ ಬಟ್ಟೆ ಹಾಸಿ ಇಟ್ಟಳು.

"ಚಿಕ್ಕಪ್ಪ ಕರೆದ್ರು ಅಂದ್ರೆ ಕಪಿಲೆ ಮೇಲ್ಮುಖ ಅರೀತಾವ್ಳೆ ಅನ್ನು," ಎಂದಳು.

"ಬಾಯಿ ಮುಚ್ಕೊಂಡು ಕಾರು ಅತ್ತು."

ಇಬ್ಬರೂ ಒಂದು ಸುತ್ತು ಹೋದರು. ಖಾಲಿ ರಸ್ತೆಯಲ್ಲಿ ನಾಗೇಂದ್ರ ಪೆಡಲು ಮುಟ್ಟದೆ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದ. ಕಾರು ಸುಮ್ಮನೆ ನಿಧಾನವಾಯಿತು, ನಡುಕವಿಲ್ಲ. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ, ಹಾಗಾಗಿ ತೊಂದರೆ ಹಿಂದಿಲ್ಲ. ಪೆಡಲು ಒತ್ತಿದ, ಸ್ಟೇರಿಂಗು ಕೈಯಲ್ಲಿ ನಡುಗಿತು. ಹಾಗಾದರೆ ಮುಂದೆ. "ಇಷ್ಟು ನಂಗೂ ಗೊತ್ತು," ಎಂದ. ಕೋಮಲ, "ಗೊತ್ತಿರೋದ್ನ ಇನ್ನೊಂದ್ಸಲ ನೋಡಿದ್ರೆ ಗಂಟೇನೂ ಓಗಲ್ಲ," ಎಂದಳು.

ಚಕ್ರ ಬಿಚ್ಚಿದರು. ಅವಳು ಮೈಕ್ರೋಮೀಟರಿನಿಂದ ಡಿಸ್ಕಿನ ದಪ್ಪವನ್ನು ಸುತ್ತಲೂ ಅಳೆಯುತ್ತ ಬಂದಳು. ಎಡಗಡೆಯದು ಎಲ್ಲೆಲ್ಲಿಯೂ ಒಂದೇ. ಬಲಗಡೆ, ಅಂದರೆ ಡ್ರೈವರ್ ಕಡೆಯದು, ಒಂದು ಭಾಗದಲ್ಲಿ ದಪ್ಪ, ಎದುರು ಭಾಗದಲ್ಲಿ ತೆಳು. ದಪ್ಪ ಬಂದಾಗ ಪ್ಯಾಡು ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ, ಆ ತಳ್ಳು ಎಣ್ಣೆಯ ಪೈಪಿನಲ್ಲಿ ಹಾದು ಕಾಲಿಗೆ ಬಡಿಯುತ್ತದೆ. ಅದೇ ಒದೆತ.

"ಲೇತ್‌ಗೆ ಆಕಿದ್ರೆ ಸಮ ಆಯ್ತದೆ. ತಿಂಗಳಾದ್ಮೇಲೆ ಮತ್ತೆ ಇದೇ ಕತೆ," ಎಂದ ನಾಗೇಂದ್ರ.

"ಅದ್ಯಾಕೆ ಬಲಗಡೆಗೆ ಮಾತ್ರ? ಎರಡೂ ಒಂದೇ ಸಲ ತಂದ ಡಿಸ್ಕು, ಒಂದೇ ಲೇತು, ಒಂದೇ ಕೈ."

ಕೋಮಲ ನಟ್ಟುಗಳನ್ನು ಹಾಕಿಸಿ ಡಿಸ್ಕನ್ನು ಹಬ್ಬಿಗೆ ಬಿಗಿ ಮಾಡಿಸಿದಳು. ಗಡಿಯಾರದಂಥ ಡಯಲ್ ಗೇಜನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅದರ ಮೊನೆ ಡಿಸ್ಕಿನ ಮೈಗೆ ತಾಗುವಂತೆ ಇಟ್ಟಳು. ಮೊದಲು ಎಡಗಡೆ. ಡಿಸ್ಕನ್ನು ಕೈಯಲ್ಲಿ ತಿರುಗಿಸಿದರೆ ಮುಳ್ಳು ಅಲುಗಿತೋ ಇಲ್ಲವೋ. ಬಲಗಡೆ ಇಟ್ಟು ತಿರುಗಿಸಿದಳು. ಮುಳ್ಳು ಈ ಕಡೆಯಿಂದ ಆ ಕಡೆಗೆ ಹೋಯಿತು, ಬಂತು, ಮತ್ತೆ ಹೋಯಿತು.

ನಾಗೇಂದ್ರ ಮಂಡಿಯೂರಿ ಕೂತು ನೋಡಿದ. ಇಷ್ಟು ವರ್ಷ ಅವನ ಪಾದಕ್ಕೆ ಗೊತ್ತಾಗುತ್ತಿದ್ದುದು ಇಲ್ಲಿ ಕಣ್ಣಿಗೆ ಕಾಣುತ್ತಿತ್ತು. ಎಷ್ಟು ಚೆಂದದ ವಸ್ತು! ಅದಕ್ಕಿಂತ ಚೆಂದ, ಅದನ್ನು ಇಟ್ಟ ಹುಡುಗಿಯ ಕೈ. ಒಂದು ಚೂರು ಅವಸರವಿಲ್ಲ, ಒಂದು ಚೂರು ಅನುಮಾನವಿಲ್ಲ.

"ಡಿಸ್ಕು ವಾಲ್ಕೊಂಡು ಕೂತದೆ ಚಿಕ್ಕಪ್ಪ," ಎಂದಳು ಕೋಮಲ. "ಓರೆಯಾಗಿ ತಿರುಗ್ತದೆ. ಬ್ರೇಕು ಒತ್ದೆ ಇದ್ರೂ ಸುತ್ತು ಸುತ್ಗೂ ಒಂದೇ ಜಾಗ ಪ್ಯಾಡ್ಗೆ ಉಜ್ತದೆ. ಉಜ್ಜಿ ಉಜ್ಜಿ ಅಲ್ಲಿ ಸವೀತದೆ. ಅದ್ಕೇ ಒದೆಯಕ್ಕೆ ತಿಂಗಳು ಬೇಕಾಗಿರೋದು. ಡಿಸ್ಕು ಕೆಟ್ಟಿಲ್ಲ. ಅದು ಕೂತಿರೋ ಜಾಗ ಸರಿ ಇಲ್ಲ. ಬಿಚ್ಚು, ಅದ್ರ ಇಂದುಗಡೆ ಏನೋ ಸೇರ್ಕೊಂಡದೆ."

ನಾಗೇಂದ್ರನ ಕೈಯಲ್ಲಿದ್ದ ಸ್ಪ್ಯಾನರು ಕೈಯಲ್ಲಿಯೇ ಉಳಿಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನ ಮುಖ ಹೇಗಿರುತ್ತದೋ ಹಾಗಾಯಿತು ಅವನ ಮುಖ. ಡಿಸ್ಕ್ ಬಿಚ್ಚಿದ. ಹಬ್ಬಿನ ಮೇಲೆ ತಾಮ್ರದ ತಗಡು ಮಿರಿಮಿರಿ ಎನ್ನುತ್ತಿತ್ತು.

"ಇದ್ಯಾರು ಇಟ್ಟೋರು?"

"ನಾನೇ."

ಕೋಮಲ ಅವನ ಮುಖ ನೋಡಿದಳು. ಅವನು ಎಲ್ಲ ಹೇಳಿದ. ಹೇಳಿ, ಕೊನೆಗೆ ಸಿಟ್ಟಿನಿಂದಲೇ ಕೇಳಿದ: "ಇಷ್ಟು ತೆಳು ತಗಡು ಏನ್ ಮಾಡ್ತದೆ? ಅದೂ ದೇವ್ರದ್ದು. ದೇವ್ರ ಅಳತೆ ಮಾಡಕಾದದಾ?"

"ದೇವ್ರನ್ನಲ್ಲ ಚಿಕ್ಕಪ್ಪ, ತಗಡ್ನ." ಅವಳು ಗ್ಯಾರೇಜಿನ ಬಾಗಿಲ ಕಡೆ ತೋರಿಸಿದಳು. "ಬಾಗಿಲ ಕೀಲಿನ್ ಅತ್ರ ಒಂದು ಬೆಂಕಿಕಡ್ಡಿ ಸಿಕ್ಕಾಕ್ಕೊಂಡ್ರೆ ಆ ಕಡೆ ತುದೀಲಿ ಎಷ್ಟು ಬುಟ್ಕೊತದೆ? ಬೆಕ್ಕೇ ನುಗ್ತದೆ. ಇಲ್ಲೂ ಅಷ್ಟೇಯ. ನಡುವೆ ಕೂದಲಷ್ಟು, ಅಂಚಲ್ಲಿ ಎರಡರಷ್ಟು." ಆಮೇಲೆ ದನಿ ತಗ್ಗಿಸಿದಳು. "ತೆಗ್ದು ಡಬ್ಬೀಲಿ ಆಕು. ಯಾರ್ಗೂ ಏಳ್ಬೇಡ. ಕಾರು ಸರಿ ಓಯ್ತದೆ, ನಿನ್ ಎಸ್ರೂ ಉಳೀತದೆ."

ಆಗಬಹುದಿತ್ತು. ನಿಮ್ಮಾಣೆ, ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಮಾಡುತ್ತಿದ್ದರು. ನಾಗೇಂದ್ರ ತಲೆಯಾಡಿಸಿದ. "ಅದು ಅಲ್ಲೇ ಅದೆ ಅಂತ ನಂಬ್ಕೊಂಡು ಆ ಮನುಷ್ಯ ಉಸುರಾಡ್ತಾ ಅವ್ರೆ. ನಾನು ಕದ್ದು ತೆಗೀಲಾ? ಅವ್ರೇ ಬಂದು ತೆಗಿ ಅನ್ಬೇಕು."

ಡಿಸ್ಕನ್ನು ಪುಟ್ಟಸ್ವಾಮಿಯ ಲೇತಿಗೆ ಕಳಿಸಿ, ತಗಡನ್ನು ಇದ್ದ ಹಾಗೇ ಬಿಟ್ಟು, ಮಹಾದೇವಸ್ವಾಮಿಯವರಿಗೆ ಫೋನು ಮಾಡಿದ. ಒಬ್ಬರೇ ಬನ್ನಿ ಎಂದು ಹೇಳಬೇಕೆಂದುಕೊಂಡ. ಹೇಳುವಷ್ಟರಲ್ಲಿ ಅವರು ಇಟ್ಟುಬಿಟ್ಟಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಬಂದರು. ಜೀಪು ಓಡಿಸಿಕೊಂಡು ಬಂದವಳು ಮಾನಸ.

ಅವಳು ಇಳಿದವಳೇ ಜಾಕಿನ ಮೇಲೆ ನಿಂತ ಕಾರಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. "ಇದೇನಣ್ಣ ಇದು, ತಾಮ್ರದ್ದು?"

ನಾಗೇಂದ್ರ ಮಹಾದೇವಸ್ವಾಮಿಯವರ ಕಡೆ ನೋಡಿದ. ಕಂಡರೆ ಹಳ್ಳಿಗೆ ಹಳ್ಳಿಯೇ ಎದ್ದು ನಿಲ್ಲುವ ಆ ಮನುಷ್ಯನ ಮುಖದಲ್ಲಿ ಮಗಳೆದುರು ಸಿಕ್ಕಿಬಿದ್ದ ಮಗುವಿನ ಕಳೆ ಇತ್ತು. ನಕ್ಕಾಳು ಎಂದಿದ್ದರಲ್ಲ, ಆ ಮಾತು ನಾಗೇಂದ್ರನಿಗೆ ನೆನಪಾಯಿತು.

"ನಾನು ಮಡಗಿದ್ದು ಕಣವ್ವ," ಎಂದ. "ಒಳ್ಳೇದಾಗ್ಲಿ ಅಂತ. ಅದ್ರಿಂದ್ಲೇ ಡಿಸ್ಕು ವಾಲಿ, ಪೆಡಲು ಒದೀತಿದ್ದದ್ದು. ತಪ್ಪು ನಂದೇ. ಮೆಕ್ಯಾನಿಕ್ ಆದೋನು ಮಾಡೋ ಕೆಲಸ ಅಲ್ಲ."

ಲೇತಿನ ಸದ್ದು ನಿಂತಿತ್ತು, ಪುಟ್ಟಸ್ವಾಮಿ ಡಿಸ್ಕ್ ಹಿಡಿದುಕೊಂಡು ಬಾಗಿಲಲ್ಲಿಯೇ ನಿಂತು ಎಲ್ಲ ಕೇಳಿಸಿಕೊಂಡ. ನಾಳೆ ಬೆಳಗಾಗುವುದರೊಳಗೆ ಊಟಿ ರಸ್ತೆಯ ಎಲ್ಲ ಗ್ಯಾರೇಜಿಗೂ ಸುದ್ದಿ ಹೋಗುತ್ತದೆ ಎಂದು ನಾಗೇಂದ್ರನಿಗೆ ಗೊತ್ತಿತ್ತು: ನಾಗೇಂದ್ರನ ಕಾಲಿಗೆ ಕಣ್ಣು ಹೋಗಿದೆಯಂತೆ. ಕೋಮಲ ಬಾಯಿ ತೆರೆಯಲು ಹೋದಳು. ಅವನು ಕಣ್ಣಲ್ಲಿಯೇ ಗದರಿದ.

ಮಹಾದೇವಸ್ವಾಮಿಯವರು ಮಗಳ ಹತ್ತಿರಕ್ಕೆ ಬಂದರು.

"ಅವನಲ್ಲ ಕಣವ್ವ. ನಾನು. ನಾನೇ ತಂದ್ಕೊಟ್ಟು ಮಡಗು ಅಂದಿದ್ದು. ಯಾರ್ಗೂ ಏಳ್ಬೇಡ ಅಂದಿದ್ದೂ ನಾನೇ. ನೀನು ಓಗ್ತೀಯೆ, ನಾನು ಬಾಗಿಲಲ್ಲಿ ಕೂತಿರ್ತೀನಿ. ಇನ್ನೇನ್ ಮಾಡ್ಲಿ ನಾನು?"

ಮಾನಸ ನಗಲಿಲ್ಲ. ಕೂತಲ್ಲಿಂದಲೇ ತಲೆಯೆತ್ತಿ ಅಪ್ಪನನ್ನು ನೋಡಿದಳು. ಕಣ್ಣು ತುಂಬಿತ್ತು. "ಒಂದ್ಸಲ ನನ್ ಪಕ್ಕ ಕೂತ್ಕೊಳಪ್ಪ," ಎಂದಳು. "ಅಷ್ಟೇ ಮಾಡು."

"ಮೊದ್ಲು ಅದ ತೆಗೀಲಿ," ಎಂದರು ಅವರು.

ನಾಗೇಂದ್ರ ತಗಡನ್ನು ಬಿಡಿಸಿ, ಶುಭ್ರವಾದ ಬಟ್ಟೆಯಲ್ಲಿ ಒರೆಸಿ, ರೂಢಿಯಂತೆ ಅವರ ಕೈಗೆ ಕೊಡದೆ ಬಾನೆಟ್ಟಿನ ಮೇಲಿಟ್ಟ. ಅವರು ಅಲ್ಲಿಂದ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಚಿಕ್ಕಪ್ಪನೂ ಕೋಮಲಳೂ ಕೆಲಸಕ್ಕೆ ಇಳಿದರು. ಆ ಜೋಡಿ ಕೆಲಸ ನೋಡಬೇಕಿತ್ತು ನೀವು. ಅವನು ಹಬ್ಬಿನ ಮುಖವನ್ನು ಎಮರಿ ಪೇಪರಿನಿಂದ ತಿಕ್ಕಿ ಕನ್ನಡಿ ಮಾಡಿದ, ಅವಳು ಉಗುರಿನಿಂದ ಸವರಿ ಒಂದು ಕಡೆ ಇನ್ನೂ ಇದೆ ಎಂದಳು, ಅವನು ಬೈದುಕೊಳ್ಳುತ್ತಲೇ ಮತ್ತೆ ತಿಕ್ಕಿದ. ಡಿಸ್ಕ್ ಕೂರಿಸಿ ಮತ್ತೆ ಡಯಲ್ ಇಟ್ಟರೆ ಮುಳ್ಳು ಮಲಗಿದಲ್ಲಿಂದ ಏಳಲಿಲ್ಲ. ಚಕ್ರ ಹಾಕಿ, ಒಂದು ನಟ್ಟು ಬಿಗಿದರೆ ಮುಂದಿನದು ಅದರ ಎದುರಿನದು ಎನ್ನುವಂತೆ, ಎಲ್ಲಕ್ಕೂ ಒಂದೇ ಜೋರು ಕೊಟ್ಟು ಬಿಗಿದ.

"ನಿನ್ ಕಾಲು ನೋಡ್ಬೇಡ್ವಾ?" ಎಂದಳು ಕೋಮಲ.

"ನಿನ್ ಮುಳ್ಳು ನೋಡಾಯ್ತಲ್ಲ. ಇನ್ಮುಂದೆ ಶನಿವಾರ ಶನಿವಾರ ಆ ಪೆಟ್ಗೆ ತಕ್ಕೊಂಡು ಬಾ," ಎಂದ ಕಾಲ್‌ಜ್ಞಾನಿ. ಅದು ಅವನ ಮಟ್ಟಿಗೆ ಸನ್ಮಾನ, ಹಾರ, ಶಾಲು ಎಲ್ಲ.

ಮಹಾದೇವಸ್ವಾಮಿಯವರನ್ನು ಆ ಕಾರಿನೊಳಗೆ ಇಳಿಸುವುದೇ ಒಂದು ಕಸರತ್ತಾಯಿತು. ಪಂಚೆ ಸುತ್ತಿಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಕೊನೆಗೆ ದೊಪ್ಪನೆ ಕೂತರು. ಕೆಂಪು ಕಾರು ಹೊರಟುಹೋಯಿತು. ನಾಗೇಂದ್ರ ರಸ್ತೆಯಂಚಿನಲ್ಲಿ ನಿಂತುಬಿಟ್ಟ. ಗೆದ್ದೆವು ಎನ್ನಲು ಮುಳ್ಳು ಸಾಲದು, ಆ ಮುದುಕರ ಬಾಯಿಂದ ಬರಬೇಕಿತ್ತು.

ಟೀ ಆರಿ ಕೆನೆಗಟ್ಟುವ ಹೊತ್ತಿಗೆ ಕಾರು ಮರಳಿತು. ದೂರದಲ್ಲಿ ವೇಗವಾಗಿ ಬಂದದ್ದು ಗ್ಯಾರೇಜಿನ ಮುಂದೆ ಮಾನಸ ಕೇಳಿಕೊಂಡ ಹಾಗೆ, ಒಂದಿಷ್ಟೂ ನಡುಗದೆ ನಿಂತಿತು. ಮಹಾದೇವಸ್ವಾಮಿಯವರ ತಲೆಗೂದಲೆಲ್ಲ ಕೆದರಿತ್ತು. ಮುಂದೆ ನೋಡುತ್ತ ಕೂತಿದ್ದರು.

"ಸಾ, ಬ್ರೇಕು?" ನಾಗೇಂದ್ರ ಕೇಳಿದ.

"ಎಂಗೆ ತಿರುಗಿಸ್ತಾಳಪ್ಪ ಇವಳು," ಎಂದರು ಅವರು. "ನಾಳೆ ನಾನೂ ಓಯ್ತೀನಿ ನೋಡಕೆ. ನೀನೂ ಬಾ. ನಿನ್ ಅಣ್ಣನ ಮಗಳ್ನೂ ಕರ್ಕೊಂಡ್ ಬಾ."

ಬಾಗಿಲು ತೆರೆದರು. ಏಳಲು ನೋಡಿದರು, ಆಗಲಿಲ್ಲ. ಸೀಟು ನೆಲಕ್ಕೇ ಇತ್ತು, ಮಂಡಿ ಎದೆಗೆ ಬರುತ್ತಿತ್ತು. ಇನ್ನೊಮ್ಮೆ ನೋಡಿದರು. ಮಾನಸ ಆ ಕಡೆಯಿಂದ ಇಳಿದು ಬರುವಷ್ಟರಲ್ಲಿ ಅವರು ಕೆಳಗಿನಿಂದ ನಾಗೇಂದ್ರನ ಕಡೆ ಕೈ ಚಾಚಿದರು.

"ನೋಡ್ಕೊಂಡು ನಿಂತ್ಕೊಂಡ್ಯಲ್ಲೋ. ಇಡ್ಕೊ, ಎತ್ತು ನನ್ನ."

ನಾಗೇಂದ್ರನ ಕೈ ತುಂಬ ಗ್ರೀಸು. ಒರೆಸಿಕೊಳ್ಳಲು ಬಟ್ಟೆ ಹುಡುಕಿದ. ಅವರು ಕಾಯಲಿಲ್ಲ, ಅವನ ಕೈ ಹಿಡಿದುಕೊಂಡೇ ಎದ್ದು ನಿಂತರು. ನಿಂತ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.